ಬೀಗ ಕೊಡುವ ನಿಮಿಷಗಳು

ಚಾಮರಾಜನಗರ ತಾಲ್ಲೂಕಿನ ಕುದೇರಿನಂಥ ಊರಿನಲ್ಲಿ ಸೈಕಲ್ ಇಟ್ಟುಕೊಂಡವರ ಬೆಳಗು ಹೇಗೆ ಸಾಗುತ್ತದೆ ನೋಡಿ. ಹ್ಯಾಂಡಲ್ಲಿಗೆ ಕ್ಯಾನು ನೇತುಹಾಕಿಕೊಂಡು ಹೋಗಿ ಡೈರಿಗೆ ಹಾಲು ಹಾಕಬೇಕು. ಅಲ್ಲಿಂದ ಕ್ಯಾರಿಯರ್ ಮೇಲಿನ ರಾಗಿ ಚೀಲ ಮಿಲ್ಲಿಗೆ. ಮಿಲ್ಲಿನಲ್ಲಿ ಸರದಿ ಇದ್ದರೆ ಅಷ್ಟರಲ್ಲಿ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬರಬಹುದು. ಪಡಿತರ ಕೊಡುವ ದಿನವಾದರೆ ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟು ಒತ್ತುವವರ ಸಾಲು. ಸಂತೇಮರಹಳ್ಳಿಗೋ ಚಾಮರಾಜನಗರಕ್ಕೋ ಹೋಗುವ ಕೆಲಸ ಬಿದ್ದರೆ ಸೈಕಲನ್ನು ಬಸ್ ನಿಲ್ಲುವಲ್ಲಿ ಬಿಟ್ಟು ಹತ್ತಿದರಾಯಿತು; ವಾಪಸಾಗುವುದು ಮಧ್ಯಾಹ್ನವೋ ಸಂಜೆಯೋ.

ಹಾಲು ಹಾಕಲು ಐದು ನಿಮಿಷ ಸಾಕು. ಮಿಲ್ಲಿಗೆ ಇಪ್ಪತ್ತು, ಪಡಿತರಕ್ಕೆ ಒಂದು ಗಂಟೆ, ಪಟ್ಟಣದ ಕೆಲಸಕ್ಕೆ ಅರ್ಧ ದಿನ. ಸೈಕಲ್ ಅದೇ, ಬೀಗವೂ ಅದೇ. ಆದರೆ ಆ ಬೀಗ ಕಾಯಬೇಕಾದ ಹೊತ್ತು ಒಂದು ಕೆಲಸದಿಂದ ಇನ್ನೊಂದಕ್ಕೆ ಹತ್ತಾರು ಪಟ್ಟು ಬದಲಾಗುತ್ತದೆ. ಕದಿಯಲು ಬಂದವನ ಲೆಕ್ಕವೂ ನಿಮಿಷದ್ದೇ. ಬಿಚ್ಚಲು ಎಷ್ಟು ಹೊತ್ತು ಬೇಕು, ಅಷ್ಟರೊಳಗೆ ಯಾರಾದರೂ ಬಂದಾರೋ ಎಂಬುದಷ್ಟೇ ಅವನ ಚಿಂತೆ.

ಒಡೆಯಲಾಗದ ಬೀಗ ಎಂಬುದಿಲ್ಲ. ಬೀಗಗಳನ್ನು ಒಡೆದು ನೋಡುವುದೇ ಕಸುಬಾಗಿರುವವರು ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ. ಬ್ರಿಟನ್ನಿನಲ್ಲಿ 1992ರಲ್ಲಿ ಶುರುವಾದ ‘ಸೋಲ್ಡ್ ಸೆಕ್ಯೂರ್’ ಸಂಸ್ಥೆ ಸೈಕಲ್ ಬೀಗಗಳಿಗೆ ಕಂಚು, ಬೆಳ್ಳಿ, ಚಿನ್ನ ಮುಂತಾಗಿ ದರ್ಜೆ ಕೊಡುತ್ತದೆ. ಅದರ ಹಳೆಯ ಲೆಕ್ಕದಲ್ಲಿ ಕಂಚಿನ ಬೀಗ ಒಂದು ನಿಮಿಷ ತಡೆಯಬೇಕು, ಬೆಳ್ಳಿಯದು ಮೂರು, ಚಿನ್ನದ್ದು ಐದು. ಚಿನ್ನದ ದರ್ಜೆ ಎಂದರೂ ಐದೇ ನಿಮಿಷ! ಬೀಗ ಕೊಂಡವರು ನಿಜವಾಗಿ ಕೊಂಡದ್ದು ಆ ನಿಮಿಷಗಳನ್ನು.

ಹಾಗಾಗಿ ಸೈಕಲ್ ಕಾಯುವ ವಿದ್ಯೆಯೆಲ್ಲ ಮೂರು ಸಂಖ್ಯೆಗಳ ಮೇಲೆ ನಿಂತಿದೆ. ಬೀಗ ಎಷ್ಟು ನಿಮಿಷ ತಡೆಯುತ್ತದೆ, ನೀವು ಎಷ್ಟು ನಿಮಿಷ ದೂರ ಇರುತ್ತೀರಿ, ಎಷ್ಟು ನಿಮಿಷದೊಳಗೆ ಬೇರೆಯವರ ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಉಳಿದೆರಡರಲ್ಲಿ ಯಾವುದಾದರೂ ಒಂದಕ್ಕಿಂತ ದೊಡ್ಡದಿದ್ದರೆ ಸೈಕಲ್ ಉಳಿಯಿತು. ಈ ಮಾತು ಇಡೀ ಸೈಕಲ್ಲಿಗೆ ಮಾತ್ರವಲ್ಲ, ಅದರ ಬೆಲ್ಲು, ಪಂಪು, ಸೀಟು, ಚಕ್ರ ಒಂದೊಂದಕ್ಕೂ ಬೇರೆಬೇರೆಯಾಗಿ ಅನ್ವಯಿಸುತ್ತದೆ.

ಹಿಂದಿನ ಚಕ್ರದ ಬಳೆ

ನಮ್ಮ ಹಳ್ಳಿಗಳ ಸೈಕಲ್ಲುಗಳಲ್ಲಿ ಕಾಣುವ ಬೀಗ ಹೆಚ್ಚಾಗಿ ಒಂದೇ ಬಗೆಯದು. ಸೀಟಿನ ಬುಡದಿಂದ ಹಿಂದಿನ ಆ್ಯಕ್ಸಲ್ಲಿಗೆ ಇಳಿಯುವ ಎರಡು ಪೈಪುಗಳಿಗೆ ಕ್ಲಾಂಪು ಬಿಗಿದು ಕೂರಿಸಿದ ಲಾಳದಾಕಾರದ ಬೀಗ. ಗುಂಡಿಯನ್ನು ಕೆಳಗೆ ಒತ್ತಿದರೆ ಬಾಗಿದ ಸರಳೊಂದು ಚಕ್ರದ ಕಡ್ಡಿಗಳ ನಡುವೆ ತೂರಿ ಆಚೆ ಬದಿಯಲ್ಲಿ ಕಚ್ಚಿಕೊಳ್ಳುತ್ತದೆ. ಒಳಗಿನ ಸ್ಪ್ರಿಂಗು ಆ ಸರಳನ್ನು ಸದಾ ಹಿಂದಕ್ಕೆ ಜಗ್ಗುತ್ತಲೇ ಇರುತ್ತದೆ. ಕೀ ತಿರುಗಿಸಿದ ಕೂಡಲೇ ಕಚ್ಚು ಬಿಟ್ಟು ಸರಳು ಟಪ್ಪೆಂದು ವಾಪಸು ಹಾರುತ್ತದೆ.

ಹಳೆಯ ಕಾಲದ ದೊಡ್ಡ ಸೈಕಲ್ಲಿನ ಹಿಂಚಕ್ರಕ್ಕೆ 40 ಕಡ್ಡಿ, ಮುಂಚಕ್ರಕ್ಕೆ 32. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಅದನ್ನು 40ರಿಂದ ಭಾಗಿಸಿದರೆ ಟೈರಿನ ಅಂಚಿನಲ್ಲಿ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಐದೂವರೆ ಸೆಂಟಿಮೀಟರ್ ಚಿಲ್ಲರೆ. ಬೀಗ ಬಿದ್ದ ಸೈಕಲ್ಲನ್ನು ಯಾರೇ ತಳ್ಳಲಿ, ಅಷ್ಟು ದೂರ ಉರುಳುವುದರೊಳಗೆ ಕಡ್ಡಿ ಬಂದು ಸರಳಿಗೆ ಬಡಿದು ಚಕ್ರ ನಿಲ್ಲಲೇಬೇಕು. ಹತ್ತಿಕೊಂಡು ಓಡಿಹೋಗುವವನನ್ನು ತಡೆಯಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಚುರುಕಾದ ಉಪಾಯ ಇನ್ನೊಂದಿಲ್ಲ. ಎಲ್ಲೂ ಕಟ್ಟಬೇಕಿಲ್ಲ, ಸರಪಳಿ ಹೊತ್ತು ತಿರುಗಬೇಕಿಲ್ಲ, ಬೀಗ ಮನೆಯಲ್ಲಿ ಮರೆತು ಬರುವ ಮಾತೇ ಇಲ್ಲ.

ಆದರೆ ಮುಂಚಕ್ರ ಉರುಳುತ್ತದೆ. ಕ್ಯಾರಿಯರ್ ಹಿಡಿದು ಹಿಂಭಾಗ ಎತ್ತಿದರೆ ಸೈಕಲ್ಲನ್ನು ಒಂಟಿ ಚಕ್ರದ ಮೇಲೆ ತಳ್ಳಿಕೊಂಡು ಹೋಗಬಹುದು. ಕೀ ಕಳೆದುಕೊಂಡವರೂ ಮಾಡುವುದು ಇದನ್ನೇ. ಹಾಗಾಗಿ ಎದುರಿಗೆ ಬಂದವರು ‘ಪಾಪ, ಕೀ ಬೀಳಿಸಿಕೊಂಡಿದ್ದಾನೆ’ ಅಂದುಕೊಂಡು ದಾರಿ ಬಿಡುತ್ತಾರೆ. ಗೂಡ್ಸ್ ಆಟೋ ಪಕ್ಕದಲ್ಲೇ ಇದ್ದರೆ ಅದೂ ಬೇಡ, ಎತ್ತಿ ಹಾಕಿಕೊಂಡರಾಯಿತು. ಹಳೆಯ ಕಬ್ಬಿಣದ ಸೈಕಲ್ಲಿನ ತೂಕ 20 ಕೆ.ಜಿ. ಆಸುಪಾಸು, ಅಕ್ಕಿ ಚೀಲ ಹೊರುವವರಿಗೆ ಅದೊಂದು ಭಾರವೇ ಅಲ್ಲ. ನೀವು ಡೈರಿ ಕಟ್ಟೆಯ ಮೇಲೆ ನಿಂತು ಸೈಕಲ್ಲನ್ನು ನೋಡುತ್ತಿರುವಷ್ಟು ಹೊತ್ತು ಈ ಬೀಗ ಸಾಕು. ನೀವು ಬಸ್ಸು ಹತ್ತಿದ ಮೇಲೆ ಸಾಲದು.

ಹದ ಬಿದ್ದ ಉಕ್ಕು

ಎತ್ತಿಕೊಂಡು ಹೋಗದಂತೆ ಮಾಡಬೇಕಾದರೆ ಸೈಕಲ್ಲನ್ನು ಅಲುಗದ ಏನಕ್ಕಾದರೂ ಕಟ್ಟಬೇಕು. ಕಟ್ಟುವ ವಸ್ತು ಕತ್ತರಿಸುವ ಉಪಕರಣವನ್ನು ತಡೆಯಬೇಕು. ಇಲ್ಲಿ ಎರಡು ವಿಷಯ ಕೆಲಸ ಮಾಡುತ್ತವೆ: ದಪ್ಪ ಮತ್ತು ಗಡಸು.

ದಪ್ಪದ ಲೆಕ್ಕ ಸರಳ. ಸರಳಿನ ವ್ಯಾಸ ಎರಡು ಪಟ್ಟಾದರೆ ಕತ್ತರಿಸಬೇಕಾದ ಮುಖದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. 5 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ಸರಳನ್ನು ಕತ್ತರಿಸಲು ಸುಮಾರು 600 ಕೆ.ಜಿ. ಭಾರದಷ್ಟು ಬಲ ಬೇಕಾದರೆ 10 ಮಿಲಿಮೀಟರಿನದಕ್ಕೆ 2,400 ಕೆ.ಜಿ. ಉದ್ದ ಹಿಡಿಯ ಬೋಲ್ಟ್ ಕಟ್ಟರ್ ಎರಡು ಹಂತದ ಸನ್ನೆಗೋಲು. ಅದು ಕೈಬಲವನ್ನು ಐವತ್ತು ಪಟ್ಟು ಹೆಚ್ಚಿಸುತ್ತದೆ ಎಂದಿಟ್ಟುಕೊಳ್ಳಿ. 30 ಕೆ.ಜಿ. ಭಾರ ಎತ್ತುವಷ್ಟು ಒತ್ತಿದವನ ಬಲ ಬಾಯಿಯ ಬಳಿ 1,500 ಕೆ.ಜಿ. ಆಗುತ್ತದೆ. ಮೊದಲ ಸರಳು ಕ್ಷಣದಲ್ಲಿ ತುಂಡು, ಎರಡನೆಯದಕ್ಕೆ ಕಟ್ಟರ್ ಸೋತಿತು. ಅಂಗಡಿಯಲ್ಲಿ ತೂಗುಹಾಕಿರುವ ಕೇಬಲ್ ಬೀಗ ನೋಡಲು ಹೆಬ್ಬೆರಳ ಗಾತ್ರ ಇರುತ್ತದೆ, ನಿಜ. ಅದರಲ್ಲಿ ಬಹುಪಾಲು ಪ್ಲಾಸ್ಟಿಕ್. ಒಳಗಿನ ತಂತಿ ಹುರಿ ಎಳೆ ಎಳೆಯಾಗಿರುವುದರಿಂದ ಒಮ್ಮೆಗೇ ಕತ್ತರಿಸುವ ಬಲವೂ ಬೇಡ, ಸ್ವಲ್ಪ ಸ್ವಲ್ಪವಾಗಿ ಕಚ್ಚಿದರೆ ಸಾಕು.

ಗಡಸಿನ ವಿಷಯ ಕುಲುಮೆಯಲ್ಲಿ ಚೆನ್ನಾಗಿ ಕಾಣುತ್ತದೆ. ಕುಡುಗೋಲಿನ ಅಂಚನ್ನು ಕೆಂಪಗೆ ಕಾಯಿಸಿ ಚುಂಯ್ ಎಂದು ನೀರಿಗೆ ಅದ್ದುತ್ತಾರೆ. ಆಮೇಲೆ ಅದನ್ನೇ ಮತ್ತೆ ಹಗುರಾಗಿ ಬಿಸಿ ಮಾಡಿ, ಉಕ್ಕಿನ ಮೈಮೇಲೆ ಏಳುವ ಬಣ್ಣ ನೋಡುತ್ತಾ ಕೂರುತ್ತಾರೆ. ಒಣಹುಲ್ಲಿನ ತಿಳಿ ಹಳದಿ ಬಂದರೆ ಶಾಖ ಸುಮಾರು 220–230 ಡಿಗ್ರಿ ಸೆಲ್ಸಿಯಸ್, ನೀಲಿಗೆ ತಿರುಗಿದರೆ 300ರ ಹತ್ತಿರ. ಬೇಕಾದ ಬಣ್ಣ ಬಂದ ಕೂಡಲೇ ತಣಿಸಿದರೆ ಹದ ಬಿತ್ತು. ಬೀಗದ ಕಾರ್ಖಾನೆಯ ಕುಲುಮೆಯಲ್ಲಿ ನಡೆಯುವುದೂ ಇದೇ ಕ್ರಿಯೆ. ಅಲ್ಲಿ ಬಣ್ಣ ನೋಡುವ ಕಣ್ಣಿನ ಬದಲು ಶಾಖ ಅಳೆಯುವ ಉಪಕರಣ ಇದೆ ಅಷ್ಟೆ.

ಒಳಗೆ ಆಗುವುದೇನು? ಉಕ್ಕೆಂದರೆ ಕಬ್ಬಿಣದಲ್ಲಿ ಚೂರು ಇಂಗಾಲ. 727 ಡಿಗ್ರಿ ದಾಟಿದ ಮೇಲೆ ಕಬ್ಬಿಣದ ಪರಮಾಣುಗಳು ತಮ್ಮ ಜೋಡಣೆ ಬದಲಿಸಿಕೊಂಡು ಇಂಗಾಲಕ್ಕೆ ಹೆಚ್ಚು ಜಾಗ ಕೊಡುತ್ತವೆ. ನಿಧಾನವಾಗಿ ಆರಿದರೆ ಇಂಗಾಲ ಹೊರಬಂದು ಬೇರೆ ಕೂರುತ್ತದೆ, ಉಕ್ಕು ಮೆದುವಾಗಿಯೇ ಉಳಿಯುತ್ತದೆ. ತಟ್ಟನೆ ತಣಿಸಿದರೆ ಹೊರಬರಲು ಸಮಯ ಸಿಗುವುದಿಲ್ಲ. ಕಬ್ಬಿಣದ ಪರಮಾಣುಗಳ ನಡುವೆ ಇಂಗಾಲ ಸಂತೆ ದಿನದ ಬಸ್ಸಿನಲ್ಲಿ ಸಿಕ್ಕಿಕೊಂಡವರ ಹಾಗೆ ನಿಂತಲ್ಲೇ ನಿಲ್ಲುತ್ತದೆ, ಅಕ್ಕಪಕ್ಕದವರನ್ನೂ ಅಲುಗಲು ಬಿಡುವುದಿಲ್ಲ. ಪರಮಾಣುಗಳ ಪದರ ಪದರಗಳು ಜಾರದಿದ್ದರೆ ಲೋಹ ಬಗ್ಗುವುದಿಲ್ಲ. ಅದೇ ಗಡಸು. ಅತಿಯಾದರೆ ಗಾಜಿನಷ್ಟೇ ಪೆಡಸಾಗಿ ಸುತ್ತಿಗೆ ಏಟಿಗೆ ಒಡೆದೀತು ಎಂದೇ ಎರಡನೇ ಸಲದ ಹಗುರ ಶಾಖ. ಇಂಗಾಲ ಬೆರೆಸುವ ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. 1800–01ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಕಾಯಿಸಿ ಉಕ್ಕು ತೆಗೆಯುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಡ್ಡಿ, ಎಲೆಗಳಿಂದ ಕಬ್ಬಿಣಕ್ಕೆ ಸಿಗುತ್ತಿದ್ದುದು ಇಂಗಾಲವೇ.

ಬೀಗ ಕೊಳ್ಳುವಾಗ ಗಡಸನ್ನು ಪರೀಕ್ಷಿಸಲು ಒಂದು ಅರ ಸಾಕು. ಸರಳಿನ ಮೂಲೆಯಲ್ಲಿ ಮೆಲ್ಲಗೆ ಒಮ್ಮೆ ಎಳೆಯಿರಿ. ಅರ ಕಚ್ಚಿ ಪುಡಿ ಉದುರಿದರೆ ಮೆದು ಉಕ್ಕು, ಹ್ಯಾಕ್ಸಾ ಬ್ಲೇಡಿಗೂ ಬಗ್ಗುತ್ತದೆ. ಕಿರ್ರೆಂದು ಜಾರಿಹೋದರೆ ಹದ ಬಿದ್ದ ಉಕ್ಕು. ಅಂಗಡಿಯವರು ಒಪ್ಪದಿದ್ದರೆ ಸರಳಿನ ಮೇಲೆ ‘ಹಾರ್ಡನ್ಡ್’ ಎಂಬ ಮುದ್ರೆ ಇದೆಯೇ ಎಂದಾದರೂ ನೋಡಬೇಕು.

ಇದೆಲ್ಲವನ್ನೂ ಮೀರಿದ ಉಪಕರಣ ಈಗ ಪ್ರತಿ ವೆಲ್ಡಿಂಗ್ ಶಾಪಿನಲ್ಲೂ ಇದೆ. ಗ್ರೈಂಡರಿನ ನಾಲ್ಕಿಂಚಿನ ಚಕ್ರ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಅದರಲ್ಲಿರುವ ಅಲ್ಯುಮಿನಿಯಂ ಆಕ್ಸೈಡ್ ಹರಳುಗಳು ಎಂಥ ಉಕ್ಕಿಗಿಂತಲೂ ಗಡಸು. ಉಕ್ಕಿನ ಮೇಲೆ ಸೆರಾಮಿಕ್ ಬೆರೆತ ಕವಚ ಹೊದಿಸಿ, ಚಕ್ರವೇ ಸವೆದುಹೋಗುವಂತೆ ಮಾಡಿದ ಬೀಗಗಳು ಹೊರದೇಶಗಳಲ್ಲಿ ಬಂದಿವೆ. ಅವುಗಳ ಬೆಲೆಗೆ ನಮ್ಮಲ್ಲಿ ಹೊಸ ಸೈಕಲ್ಲೇ ಬರುತ್ತದೆ. ನಮ್ಮ ಪಾಲಿಗೆ ಸಮಾಧಾನದ ಸಂಗತಿಯೆಂದರೆ ಗ್ರೈಂಡರ್ ಸದ್ದಿಲ್ಲದೆ, ಕಿಡಿ ಹಾರಿಸದೆ ಕೆಲಸ ಮಾಡಲಾರದು. ಹಗಲಲ್ಲಿ, ಅಂಗಡಿ ಸಾಲಿನಲ್ಲಿ ಅದನ್ನು ಆನ್ ಮಾಡಿದವನಿಗೆ ಮೂರನೆಯ ಸಂಖ್ಯೆ ಸೊನ್ನೆಗೆ ಇಳಿದುಬಿಡುತ್ತದೆ.

ನನ್ನ ಕೀ, ನಿಮ್ಮ ಸೈಕಲ್

ಬೀಗ ಮುರಿಯದೆಯೂ ತೆಗೆಯಬಹುದು. ಅಗ್ಗದ ಬೀಗದ ಒಳಗೆ ಎರಡು ಮೂರು ತಗಡಿನ ಬಿಲ್ಲೆಗಳು ಮಾತ್ರ ಇರುತ್ತವೆ. ಕೀಯ ಹಲ್ಲುಗಳು ಅವನ್ನು ಸರಿಯಾದ ಎತ್ತರಕ್ಕೆ ತಂದರೆ ಬೀಗ ತೆರೆಯುತ್ತದೆ. ಮೂರು ಬಿಲ್ಲೆ, ಒಂದೊಂದಕ್ಕೆ ಮೂರು ಎತ್ತರ ಎಂದಾದರೆ ಒಟ್ಟು 27 ಬಗೆಯ ಕೀ ಮಾತ್ರ ಸಾಧ್ಯ. ಶಾಲೆಯೊಂದರ ಮುಂದೆ ಇಂಥ ಬೀಗದ 50 ಸೈಕಲ್ ನಿಂತಿವೆ ಎನ್ನಿ. ಒಬ್ಬ ಹುಡುಗಿಯ ಕೀ ಉಳಿದ 49ರಲ್ಲಿ ಒಂದಕ್ಕಾದರೂ ಹೊಂದುವ ಸಂಭವ ಎಷ್ಟು? ಒಂದು ಬೀಗಕ್ಕೆ ಹೊಂದದಿರುವ ಸಂಭವ 27ಕ್ಕೆ 26. ಅದನ್ನು 49 ಸಲ ಗುಣಿಸಿ 1ರಿಂದ ಕಳೆದರೆ ಬರುವುದು ಶೇಕಡ 84. ಹೈಸ್ಕೂಲಿನಲ್ಲಿ ಒಬ್ಬರ ಕೀ ಇನ್ನೊಬ್ಬರ ಸೈಕಲ್ಲಿಗೆ ಆಗುವುದು ಪವಾಡವೇನಲ್ಲ.

2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಹಳ್ಳಿ ಶಾಲೆಗಳ ಅಂಗಳದಲ್ಲಿ ಒಂದೇ ಮಾದರಿಯ, ಒಂದೇ ಬಣ್ಣದ ಸೈಕಲ್ಲುಗಳ ಸಾಲು ಬಂತು. ಬಸ್ಸಿಲ್ಲದ ಊರುಗಳ ಹೆಣ್ಣುಮಕ್ಕಳಿಗೆ ಅದು ಹೈಸ್ಕೂಲಿನ ದಾರಿ ತೆರೆಯಿತು. ಜೊತೆಗೊಂದು ಹೊಸ ಕಷ್ಟವೂ ಬಂತು: ತನ್ನದು ಯಾವುದೆಂದು ಗುರುತಿಸುವುದು. ಹ್ಯಾಂಡಲ್ಲಿಗೆ ಕಟ್ಟಿದ ರಿಬ್ಬನ್, ಮಡ್‌ಗಾರ್ಡಿನ ಮೇಲೆ ಪೇಂಟಿನಲ್ಲಿ ಬರೆದ ಹೆಸರು, ಕಡ್ಡಿಗಳಿಗೆ ಸಿಕ್ಕಿಸಿದ ಬಣ್ಣದ ಮಣಿ ಇವೆಲ್ಲ ಅಲಂಕಾರವೂ ಹೌದು, ಗುರುತೂ ಹೌದು. ಗುರುತಿರುವ ಸೈಕಲ್ಲನ್ನು ಮಾರುವುದು ಕಷ್ಟ.

ಬಿಲ್ಲೆಗಳ ಬದಲು ಸ್ಪ್ರಿಂಗ್ ಇರುವ ಕಡ್ಡಿಗಳನ್ನು ಬಳಸುವ ಬೀಗಕ್ಕೆ ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಪೇಟೆಂಟ್ ಪಡೆದ. ಐದು ಕಡ್ಡಿ, ಒಂದೊಂದಕ್ಕೆ ಆರು ಎತ್ತರ ಇದ್ದರೆ 7,776 ಬಗೆಯ ಕೀ ಸಾಧ್ಯ. ಆದರೆ ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಬೀಗ ಭದ್ರ ಎನ್ನುವಂತಿಲ್ಲ. ಕ್ರಿಪ್ಟೊನೈಟ್ ಎಂಬ ಪ್ರಸಿದ್ಧ ಕಂಪನಿಯ ದುಬಾರಿ ಬೀಗಗಳಲ್ಲಿ ದುಂಡನೆಯ ಕೊಳವೆ ಕೀ ಇರುತ್ತಿತ್ತು. ಆ ರಂಧ್ರದ ಅಳತೆಯೂ ಬಿಕ್ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯ ಅಳತೆಯೂ ಒಂದೇ ಎಂದು 2004ರಲ್ಲಿ ಜಗತ್ತಿಗೆ ಗೊತ್ತಾಯಿತು. ಪೆನ್ನಿನ ಹಿಂಭಾಗ ತುರುಕಿ ತಿರುಗಿಸಿದರೆ ಬೀಗ ತೆರೆಯುತ್ತಿತ್ತು. ಕಂಪನಿ ಲಕ್ಷಗಟ್ಟಲೆ ಬೀಗಗಳನ್ನು ಪುಕ್ಕಟೆಯಾಗಿ ಬದಲಿಸಿಕೊಡಬೇಕಾಯಿತು. ಉಕ್ಕು ಅಷ್ಟೇ ಗಡಸಾಗಿತ್ತು, ಸೋತದ್ದು ರಂಧ್ರ.

ನಂಬರ್ ಬೀಗಕ್ಕೂ ಇದೇ ಗತಿ. ನಾಲ್ಕು ಉಂಗುರದ ಬೀಗಕ್ಕೆ 10,000 ಸಾಧ್ಯತೆ. ಎಲ್ಲವನ್ನೂ ಪ್ರಯತ್ನಿಸಲು ಗಂಟೆಗಟ್ಟಲೆ ಬೇಕು. ಕಳಪೆ ತಯಾರಿಕೆಯಲ್ಲಿ ಪ್ರತಿ ಉಂಗುರವೂ ತನ್ನ ಅಂಕೆ ಸರಿಯಾದಾಗ ಬೇರೆಬೇರೆಯಾಗಿ ಕೈಗೆ ಸುಳಿವು ಕೊಡುತ್ತದೆ. ಆಗ 10×10×10×10 ಹೋಗಿ 10+10+10+10 ಆಗುತ್ತದೆ, ಅಂದರೆ ಬರೀ 40. ಗುಣಾಕಾರ ಸಂಕಲನಕ್ಕೆ ಇಳಿದ ಕ್ಷಣದಲ್ಲಿ ಬೀಗದ ಬೆಲೆಯೂ ಇಳಿಯಿತು. ಅಂದಹಾಗೆ, ನಂಬರ್ ಬೀಗವನ್ನು ಎಲ್ಲರಿಗಿಂತ ತಮಾಷೆಯಾಗಿ ಬಳಸಿದವರು ಆಮ್‌ಸ್ಟರ್‌ಡ್ಯಾಮಿನ ‘ಪ್ರೊವೊ’ ಗುಂಪಿನ ಯುವಕರು. 1965ರಲ್ಲಿ ಅವರು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೇಕಾದವರು ಬಳಸಲಿ ಎಂದು ಬೀದಿಯಲ್ಲಿ ಬಿಟ್ಟರು. ಬೀಗ ಹಾಕದ ಸೈಕಲ್ಲನ್ನು ಬೀದಿಯಲ್ಲಿ ಬಿಡುವಂತಿಲ್ಲ ಎಂದು ಪೊಲೀಸರು ಜಪ್ತಿ ಮಾಡಿದರು. ಪ್ರೊವೊಗಳು ನಂಬರ್ ಬೀಗ ಹಾಕಿ, ಆ ನಂಬರನ್ನು ಸೈಕಲ್ಲಿನ ಮೇಲೇ ಬರೆದರು!

ಬೀಗ ಉಳಿಯಿತು, ಸೈಕಲ್ ಉಳಿಯಲಿಲ್ಲ

ಅದೇ ಕ್ರಿಪ್ಟೊನೈಟ್ ಬೀಗದ ಹೆಸರು ಬೆಳೆದದ್ದು 1972ರ ಒಂದು ಪರೀಕ್ಷೆಯಿಂದ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಎಂಬ ಬಡಾವಣೆಯಲ್ಲಿ ಒಂದು ಸೈಕಲ್ಲನ್ನು ಕಂಬಕ್ಕೆ ಕಟ್ಟಿ 30 ದಿನ ಬಿಟ್ಟರು. ತಿಂಗಳು ಕಳೆದು ನೋಡಿದರೆ ಬೀಗ ಗಟ್ಟಿಯಾಗಿತ್ತು, ಅದರೊಳಗೆ ಸಿಕ್ಕಿದ್ದ ಫ್ರೇಮೂ ಇತ್ತು. ಬಿಚ್ಚಲು ಬಂದ ಬಿಡಿಭಾಗಗಳನ್ನೆಲ್ಲ ಜನ ಬಿಚ್ಚಿಕೊಂಡು ಹೋಗಿದ್ದರು. ಕಂಪನಿಗೆ ಅದು ಜಾಹೀರಾತು. ಸೈಕಲ್ ಸವಾರನಿಗೆ ಅದರಲ್ಲಿ ಬೇರೆಯದೇ ಪಾಠ ಇದೆ. ಬಲವಾದ ಬೀಗ ಹಾಕಿದ ಮೇಲೆ ಕಳ್ಳನ ಕಣ್ಣು ಬಿಡಿಭಾಗಗಳ ಮೇಲೆ ಬೀಳುತ್ತದೆ.

ಬಿಡಿಭಾಗವೊಂದು ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಅದನ್ನು ಹಿಡಿದಿಟ್ಟಿರುವ ನಟ್ಟು ಬೋಲ್ಟಿನ ಮೇಲೆ ನಿಂತಿದೆ. ನಟ್ಟನ್ನು ಬಿಗಿ ಮಾಡುವಾಗ ನಾವು ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿಯಲು ಬಳಕೆಯಾಗುತ್ತದೆ. ಉಳಿದದ್ದೆಲ್ಲ ಬೋಲ್ಟಿನ ಸುರುಳಿ ಮರೆಯ ಮೇಲಿನ ಮತ್ತು ನಟ್ಟಿನ ಬುಡದ ಘರ್ಷಣೆಗೆ ಹೋಗುತ್ತದೆ. ಆ ಘರ್ಷಣೆಯೇ ನಟ್ಟು ತಾನಾಗಿ ಸಡಿಲವಾಗದಂತೆ, ಬರಿಗೈಗೆ ಬಗ್ಗದಂತೆ ಕಾಯುವುದು. ಹಳೆಯ ಸೈಕಲ್ಲಿಗೆ ತುಕ್ಕು ಇನ್ನೊಂದು ಕಾವಲು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ನಟ್ಟು ಬೋಲ್ಟಿನ ಸಂದಿಯಲ್ಲಿ ಉಬ್ಬಲು ಜಾಗವೆಲ್ಲಿದೆ? ಎರಡೂ ಕಚ್ಚಿಕೊಂಡು ಕೂರುತ್ತವೆ. ಪಂಕ್ಚರ್ ಅಂಗಡಿಯವರೇ ಸೀಮೆಎಣ್ಣೆ ಬಿಟ್ಟು ಕಾದು ಬಿಚ್ಚಬೇಕಾದ ಚಕ್ರವನ್ನು ಕಳ್ಳ ಮೂರು ನಿಮಿಷದಲ್ಲಿ ಬಿಚ್ಚಲಾರ.

ಪಟ್ಟಣದ ಗೇರ್ ಸೈಕಲ್ಲಿನ ಕಥೆ ಬೇರೆ. ಇಟಲಿಯ ತುಲ್ಲಿಯೊ ಕಂಪನ್ಯೋಲೊನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕ್ವಿಕ್ ರಿಲೀಸ್ ಹಿಡಿಯನ್ನು ರೇಸಿನವರಿಗೆಂದು ಮಾಡಿದ್ದು; ಪಂಕ್ಚರ್ ಆದರೆ ಸ್ಪ್ಯಾನರ್ ಇಲ್ಲದೆ ಚಕ್ರ ಕಳಚಬಹುದು. ರೇಸಿನಲ್ಲಿ ಉಳಿಯುವ ಸೆಕೆಂಡುಗಳೇ ಬ್ಯಾಂಕಿನ ಮುಂದೆ ಕಳ್ಳನಿಗೆ ಲಾಭ. ದಿನಬಳಕೆಗೆ ಸೈಕಲ್ ಇಟ್ಟುಕೊಂಡವರು ಸೀಟಿಗೂ ಇರುವ ಇಂಥದೇ ಹಿಡಿಯನ್ನು ತೆಗೆಸಿ ಸಾಧಾರಣ ಬೋಲ್ಟು ಹಾಕಿಸಿಕೊಳ್ಳುವುದೇ ವಾಸಿ. ಆ ಬೋಲ್ಟು ಅಲೆನ್ ಕೀ ಹಾಕುವಂಥದ್ದಾದರೆ ಆರು ಮೂಲೆಯ ಗುಳಿಯಲ್ಲಿ ಹಳೆಯ ಬೇರಿಂಗಿನ ಸಣ್ಣ ಗೋಲಿಯೊಂದನ್ನು ಕೂರಿಸಿ ಮೇಣ ಮೆತ್ತಬಹುದು. ಕೀ ಒಳಗೆ ಇಳಿಯುವುದಿಲ್ಲ. ನಿಮಗೆ ಬಿಚ್ಚಬೇಕೆನಿಸಿದಾಗ ಮೇಣ ಕೆರೆದು ಗೋಲಿ ತೆಗೆದರೆ ಮುಗಿಯಿತು. ಹಳೆಯ ಸೈಕಲ್ ಚೈನಿನ ತುಂಡನ್ನು ಟ್ಯೂಬಿನೊಳಗೆ ತೂರಿಸಿ, ಸೀಟಿನ ಕೆಳಗಿನ ಕಂಬಿಗೂ ಫ್ರೇಮಿಗೂ ಸುತ್ತಿ ರಿವಿಟ್ ಮಾಡಿಸುವುದು ಇನ್ನೂ ಗಟ್ಟಿ ಉಪಾಯ. ಯಾವುದೇ ಸೈಕಲ್ ಶಾಪಿನಲ್ಲಿ ಚೈನ್ ಕಟ್ಟರ್ ಇರುತ್ತದೆ, ಖರ್ಚೂ ಇಲ್ಲ.

ಇನ್ನು ಬರಿಗೈಗೇ ಬರುವವು. ಬೆಲ್ಲಿನ ಬಟ್ಟಲು ತಿರುಗಿಸಿದರೆ ಬಿಚ್ಚುತ್ತದೆ. ಪಂಪು ಸ್ಪ್ರಿಂಗಿನ ಒತ್ತಡದಲ್ಲಷ್ಟೇ ನಿಂತಿರುತ್ತದೆ. ನಮ್ಮ ಸೈಕಲ್ ಟ್ಯೂಬಿನ ವಾಲ್ವು ಬಿಡಿಬಿಡಿಯಾಗಿ ಬಿಚ್ಚುವಂಥದ್ದು. ಮೇಲಿನ ನಟ್ಟು ಸಡಿಲಿಸಿದರೆ ಒಳಗಿನ ಕಡ್ಡಿ, ರಬ್ಬರ್ ಸಮೇತ ಕೈಗೆ ಬಂದು ಗಾಳಿ ಬುಸ್ಸೆನ್ನುತ್ತದೆ. ಇದರಲ್ಲಿ ನಮಗೂ ಅನುಕೂಲ ಇದೆ. ಪಟ್ಟಣಕ್ಕೆ ಹೋಗಿ ಸಂಜೆ ಬರುವವರು ಮುಂಚಕ್ರದ ವಾಲ್ವನ್ನು ಜೇಬಿಗೆ ಹಾಕಿಕೊಂಡು ಹೋದರೆ ಸೈಕಲ್ಲನ್ನು ಹತ್ತಿ ಓಡಿಸುವವನೂ ಇಲ್ಲ, ಒಂಟಿ ಚಕ್ರದ ಮೇಲೆ ದೂರ ತಳ್ಳುವವನೂ ಇಲ್ಲ. ವಾಪಸು ಬಂದು ಗಾಳಿ ಹೊಡೆಯಬೇಕಾದ ಕಷ್ಟ ಮಾತ್ರ ನಿಮ್ಮದು. ಪಂಪನ್ನು, ಬ್ಯಾಟರಿ ಲೈಟನ್ನು ಕೈಚೀಲದಲ್ಲಿ ಹಾಕಿಕೊಳ್ಳುವುದಕ್ಕೆ ವಿಜ್ಞಾನವೇನೂ ಬೇಡ.

ಎಲ್ಲಿಗೆ, ಹೇಗೆ ಕಟ್ಟುವುದು

ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಚಿಕ್ಕ ಬೀಗದಿಂದಲೇ ದೊಡ್ಡ ಕೆಲಸ ತೆಗೆಯುವ ಉಪಾಯ ಹೇಳಿಕೊಟ್ಟ. ಹಿಂಚಕ್ರದ ಮುಂಭಾಗ ಫ್ರೇಮಿನ ಹಿಂದಿನ ತ್ರಿಕೋನದೊಳಗೆ ಹಾದುಹೋಗುತ್ತದಲ್ಲವೇ? ಆ ತ್ರಿಕೋನದೊಳಗೆ ಬೀಗವನ್ನು ರಿಮ್ಮು, ಟೈರಿನ ಸುತ್ತ ಹಾಕಿ ಕಂಬಕ್ಕೆ ಸೇರಿಸಿದರೆ ಸಾಕು. ಫ್ರೇಮಿಗೆ ಬೀಗ ಮುಟ್ಟದಿದ್ದರೂ ಚಿಂತೆಯಿಲ್ಲ. ಆ್ಯಕ್ಸಲ್ ನಟ್ಟು ಬಿಚ್ಚಿದರೂ ಅಷ್ಟು ದೊಡ್ಡ ಚಕ್ರ ಅಷ್ಟು ಚಿಕ್ಕ ತ್ರಿಕೋನದಿಂದ ಆಚೆ ಬರಲಾರದು. ಒಂದೇ ಬೀಗಕ್ಕೆ ಚಕ್ರವೂ ಫ್ರೇಮೂ ಎರಡೂ ಸಿಕ್ಕಿಬಿದ್ದವು. ಇದಕ್ಕೆ ತದ್ವಿರುದ್ಧವಾಗಿ, ಮುಂಚಕ್ರವೊಂದನ್ನೇ ಕಂಬಕ್ಕೆ ಕಟ್ಟಿ ಹೋದವರಿಗೆ ವಾಪಸು ಬಂದಾಗ ಸಿಗುವುದು ಮುಂಚಕ್ರವೊಂದೇ.

ಬೀಗದ ಒಳಗೆ ಖಾಲಿ ಜಾಗ ಕಡಿಮೆ ಇರಬೇಕು. ಜಾಗ ಇದ್ದರೆ ಹಾರೆ ತೂರಿಸಿ ಮೀಟುತ್ತಾರೆ. ಹಾರೆ ಇಲ್ಲದಿದ್ದರೆ ಸೈಕಲ್ಲನ್ನೇ ಹಿಡಿದು ಕಂಬದ ಸುತ್ತ ತಿರುಚುತ್ತಾರೆ, ಫ್ರೇಮೇ ಸನ್ನೆಗೋಲಾಗುತ್ತದೆ. ಸರಪಳಿ ನೆಲಕ್ಕೆ ತಾಗುವಂತೆ ಜೋತುಬಿದ್ದರೆ ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರ ಬಿಡಬಹುದು. ಮೇಲೆ ಕಟ್ಟಿದರೆ ಕೈಬಲವಷ್ಟೇ ಗತಿ. ಕೀ ರಂಧ್ರ ಕೆಳಮುಖವಾಗಿರಲಿ, ಮಳೆ ನೀರು, ಧೂಳು ಸೇರುವುದಿಲ್ಲ. ಬೀಗ ಬಿಗಿಯಾದರೆ ಅಡುಗೆ ಎಣ್ಣೆ ಬಿಡುವ ರೂಢಿ ಒಳ್ಳೆಯದಲ್ಲ, ಅದು ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಹಾಕಿ. ಅದರಲ್ಲಿರುವ ಗ್ರಾಫೈಟ್ ಒಣಗಿದ್ದೂ ಜಾರುವ ವಸ್ತು.

ಕಟ್ಟುವ ಜಾಗವೂ ಬೀಗದ ಒಂದು ಭಾಗ. ಬೇಲಿಯ ಗೂಟ, ಎಳೆಯ ಗಿಡ, ಮೇಲಿನಿಂದ ಎತ್ತಿ ಕಳಚಬಹುದಾದ ಗಿಡ್ಡ ಕಂಬ ಇವು ಎಂಥ ಬೀಗವನ್ನೂ ವ್ಯರ್ಥ ಮಾಡುತ್ತವೆ. ಕರೆಂಟು ಕಂಬ ದಪ್ಪವೂ ಹೌದು, ಅಪಾಯವೂ ಹೌದು. ಅಂಗಡಿಯ ಕಿಟಕಿ ಸರಳು, ಬಸ್ ತಂಗುದಾಣದ ಕಾಂಕ್ರೀಟಿನಲ್ಲಿ ನೆಟ್ಟ ಕಬ್ಬಿಣದ ಪೈಪು ಒಳ್ಳೆಯವು. ಏನೂ ಸಿಗದಿದ್ದರೆ ಜೊತೆಗಾರರ ಸೈಕಲ್ಲಿಗೇ ಎದುರುಬದುರಾಗಿ ಸೇರಿಸಿ ಕಟ್ಟಿ. ಜೋಡಿ ಸೈಕಲ್ಲನ್ನು ಎತ್ತುವುದೂ ಕಷ್ಟ, ತಳ್ಳುವುದಂತೂ ಆಗದ ಮಾತು.

‘ಒಸಿ ನೋಡ್ಕತಿರಣ್ಣ’

ಮೂರನೆಯ ಸಂಖ್ಯೆಗೆ ಬರೋಣ. ಲಾರೆನ್ಸ್ ಕೊಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ಇಬ್ಬರು ಸಮಾಜ ವಿಜ್ಞಾನಿಗಳು 1979ರಲ್ಲಿ ಕಳವಿನ ಬಗ್ಗೆ ಒಂದು ಸರಳ ಸೂತ್ರ ಮುಂದಿಟ್ಟರು. ಕದಿಯುವ ಮನಸ್ಸಿನವನು, ಕದಿಯಲು ತಕ್ಕ ವಸ್ತು, ಕಾಯುವವರಿಲ್ಲದ ಹೊತ್ತು ಈ ಮೂರೂ ಒಂದೇ ಜಾಗದಲ್ಲಿ ಕೂಡಿದಾಗ ಕಳವು ನಡೆಯುತ್ತದೆ. ಕಾಯುವವರು ಎಂದರೆ ಪೊಲೀಸರೇ ಆಗಬೇಕಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತವರೂ ಆದೀತು. ‘ಅಣ್ಣೋ, ಸೈಕಲ್ ಒಸಿ ನೋಡ್ಕತಿರಣ್ಣ, ಈಗ ಬಂದ್ಬುಡ್ತೀನಿ’ ಎಂದು ಹೇಳಿ ಬ್ಯಾಂಕಿನೊಳಗೆ ಹೋಗುವವರು ಆ ಮೂರರಲ್ಲಿ ಒಂದನ್ನು ಕಳಚಿ ಹಾಕಿರುತ್ತಾರೆ.

ಕಣ್ಣಿನ ಚಿತ್ರಕ್ಕೂ ಅಷ್ಟಿಷ್ಟು ಶಕ್ತಿ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಡೇನಿಯಲ್ ನೆಟಲ್ ಮತ್ತು ಜೊತೆಯವರು, ಕ್ಯಾಂಪಸ್ಸಿನಲ್ಲಿ ಸೈಕಲ್ ಕಳವು ಹೆಚ್ಚಾಗಿದ್ದ ಕೆಲವು ಜಾಗಗಳಲ್ಲಿ ದಿಟ್ಟಿಸಿ ನೋಡುವ ಕಣ್ಣುಗಳ ಫಲಕ ತೂಗುಹಾಕಿಸಿದರು. ಕೆಳಗೆ, ಕಳ್ಳರೇ ನಿಮ್ಮನ್ನು ನೋಡುತ್ತಿದ್ದೇವೆ ಎಂಬ ಅರ್ಥದ ಬರಹ. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಫಲಕವಿದ್ದ ಕಡೆ ಕಳವು ಶೇಕಡ 62ರಷ್ಟು ಇಳಿಯಿತು. ಫಲಕವಿಲ್ಲದ ಕಡೆ ಶೇಕಡ 65ರಷ್ಟು ಏರಿತು. ಕಳ್ಳರು ಕಸುಬು ಬಿಡಲಿಲ್ಲ, ಪಕ್ಕದ ಸ್ಟ್ಯಾಂಡಿಗೆ ಹೋದರು. ಸೈಕಲ್ ಕಾಯುವುದರಲ್ಲಿ ಇಂಥದೊಂದು ಕಹಿ ಸತ್ಯವೂ ಇದೆ. ನಮ್ಮದು ಉಳಿಯಿತು ಎಂದರೆ ಬಹಳ ಸಲ ಅದರ ಅರ್ಥ ಪಕ್ಕದವರದು ಹೋಯಿತು ಎಂದು. ಎಲ್ಲರದೂ ಉಳಿಯಬೇಕಾದರೆ ಎಲ್ಲವೂ ಒಂದೇ ಕಡೆ, ಒಬ್ಬರ ಕಣ್ಣಳತೆಯಲ್ಲಿ ನಿಲ್ಲಬೇಕು. ಟೋಕನ್ ಕೊಟ್ಟು ಸೈಕಲ್ ನಿಲ್ಲಿಸಿಕೊಳ್ಳುವ ಹಳೆಯ ಸ್ಟ್ಯಾಂಡುಗಳು ಮಾಡುತ್ತಿದ್ದುದು ಇದನ್ನೇ. 2017ರ ಜೂನಿನಲ್ಲಿ ಮೈಸೂರಿನಲ್ಲಿ 450 ಸೈಕಲ್ಲುಗಳೊಂದಿಗೆ ಶುರುವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಅದನ್ನು ಯಂತ್ರಕ್ಕೆ ಒಪ್ಪಿಸಿತು. ಕಾರ್ಡು ತೋರಿಸಿದರೆ ಸೈಕಲ್ ಬಿಡುಗಡೆಯಾಗುತ್ತಿತ್ತು. ಯಾರು, ಯಾವಾಗ ಒಯ್ದರು ಎಂಬುದು ದಾಖಲಾಗುತ್ತಿತ್ತು.

ಅಲಾರಂ ಕೊಳ್ಳುವವರೂ ಮೂರನೆಯ ಸಂಖ್ಯೆಯ ಲೆಕ್ಕ ಹಾಕಬೇಕು. ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಕಿರಿಚುವ ಅಲಾರಂ, ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ 6 ಡೆಸಿಬೆಲ್ ಕಳೆದುಕೊಂಡು, 32 ಮೀಟರಿನಲ್ಲಿ 80ಕ್ಕೆ ಇಳಿಯುತ್ತದೆ. ಮಿಲ್ಲಿನ ಮೋಟಾರು ಓಡುತ್ತಿರುವಾಗ ಒಳಗಿದ್ದವರಿಗೆ ಅದು ಕೇಳುವ ಭರವಸೆಯಿಲ್ಲ.

ತಲೆಕೆಳಗಿನ ನಂಬರು

ಇಷ್ಟಾಗಿಯೂ ಸೈಕಲ್ ಹೋಯಿತು ಎನ್ನಿ. ಮೋಟಾರು ಬೈಕಿಗೆ ಆರ್‌ಸಿ ಪುಸ್ತಕ ಇದೆ, ಸೈಕಲ್ಲಿಗೆ ಇಲ್ಲ. ಅದು ನಿಮ್ಮದೆಂದು ತೋರಿಸಲು ಎರಡೇ ಸಾಕ್ಷಿ: ಕೊಂಡ ಬಿಲ್ಲು, ಫ್ರೇಮಿನ ಮೇಲೆ ಒತ್ತಿದ ನಂಬರು. ನಂಬರು ಸಾಮಾನ್ಯವಾಗಿ ಪೆಡಲಿನ ಆ್ಯಕ್ಸಲ್ ಕೂರುವ ದಪ್ಪ ಕೊಳವೆಯ ಅಡಿಯಲ್ಲಿ ಇರುತ್ತದೆ. ಕೆಲವು ಕಂಪನಿಗಳು ಸೀಟಿನ ಕೆಳಗೆ ಒತ್ತುತ್ತವೆ.

ಕಳ್ಳ ಅದನ್ನು ಅರದಿಂದ ಉಜ್ಜಿ ಅಳಿಸಿದರೂ ಕಥೆ ಮುಗಿಯುವುದಿಲ್ಲ. ಅಚ್ಚು ಒತ್ತಿದಾಗ ಅಂಕೆಯ ಗುಳಿ ಬೀಳುವುದಷ್ಟೇ ಅಲ್ಲ, ಗುಳಿಯ ಅಡಿಯಲ್ಲಿರುವ ಲೋಹದ ಹರಳುಗಳೂ ನಜ್ಜುಗುಜ್ಜಾಗಿರುತ್ತವೆ. ಗುಳಿಯನ್ನು ಸವೆಸಿದರೂ ಆ ನಜ್ಜು ಒಳಗೆ ಉಳಿದಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಆ ಜಾಗವನ್ನು ನುಣ್ಣಗೆ ಉಜ್ಜಿ, ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ‘ಫ್ರೈ ದ್ರಾವಣ’ ಸವರುತ್ತಾರೆ. ನಜ್ಜಾದ ಲೋಹ ಉಳಿದ ಲೋಹಕ್ಕಿಂತ ಬೇರೆ ವೇಗದಲ್ಲಿ ಕರಗುವುದರಿಂದ ಅಳಿಸಿದ ಅಂಕೆಗಳು ಮೆಲ್ಲಗೆ ಎದ್ದು ಕಾಣುತ್ತವೆ. ಆದರೆ ಎದ್ದು ಬಂದ ನಂಬರನ್ನು ಹೋಲಿಸಿ ನೋಡಲು ನಿಮ್ಮ ಬಳಿಯೂ ಒಂದು ನಂಬರು ಇರಬೇಕಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳವಿನ ಶಿಕ್ಷೆ ಇದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಅಪರಾಧಿಯಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಸಾಧಾರಣ ಸೈಕಲ್ಲಿನ ಬೆಲೆ ಇದೇ ಗೆರೆಯ ಅತ್ತಿತ್ತ ಇರುತ್ತದೆ. ಹಾಗಾಗಿ ಬಿಲ್ಲಿಗೆ ಕಾನೂನಿನ ಕಣ್ಣಿನಲ್ಲೂ ತೂಕ ಇದೆ. ಕುದೇರಿಗೆ ತನ್ನದೇ ಪೊಲೀಸ್ ಠಾಣೆ ಇದೆ. ಅಲ್ಲಿಗೆ ದೂರು ಕೊಡಲು ಹೋದವರು ಕಪ್ಪು ಬಣ್ಣದ ಸೈಕಲ್ ಎಂದಷ್ಟೇ ಹೇಳಿದರೆ ಪೊಲೀಸರು ತಾನೇ ಏನು ಹುಡುಕಬೇಕು?

ಬಿಡುವಾದಾಗ ಸೈಕಲ್ಲನ್ನು ಸೀಟು, ಹ್ಯಾಂಡಲ್ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಪೆಡಲ್ ಬುಡದ ಕೆಸರು ಕೆರೆದು ಬಟ್ಟೆಯಿಂದ ಒರೆಸಿ. ಕಾಣುವ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಬಿಲ್ಲಿನ ಫೋಟೋ ಜೊತೆಗೆ ಮನೆಯವರ ಇನ್ನೊಂದು ಫೋನಿಗೂ ಕಳಿಸಿ. ಬೀಗ ಕೊಡುವ ನಿಮಿಷಗಳು ಮುಗಿದ ಮೇಲೆ ಸೈಕಲ್ಲಿನ ಪರವಾಗಿ ಸಾಕ್ಷಿ ಹೇಳುವುದು ಆ ಫೋಟೋ ಒಂದೇ, ಅದನ್ನು ತೆಗೆಯಲು ಎರಡು ನಿಮಿಷ ಸಾಕು.